ಭುಜಂಗರಾಯರ ಒಂದೇ ಮಾತು

ತೆನಾಲಿಯಲ್ಲಿ ಭುಜಂಗರಾಯರ ಮುಖ ಬಲ್ಲವರು ಬಹಳ ಕಡಿಮೆ, ದನಿ ಅರಿಯದವರು ಒಬ್ಬರೂ ಇಲ್ಲ. ಬಸ್ ನಿಲ್ದಾಣದ ಮೂಲೆಯಲ್ಲಿ, ಕಿಟಕಿಗೆ ಕಬ್ಬಿಣದ ಜಾಲರಿ ಹೊಡೆದ ಒಂದು ಗೂಡಿದೆ. ಅದರೊಳಗೆ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಂದ ಎಲ್ಲಿಗೆ ಹೊರಡುತ್ತದೆ ಎಂದು ಸಾರುವುದು ಅವರ ಉದ್ಯೋಗ. ಕಂಚಿನ ಕಂಠ. "ಪ್ರಯಾಣಿಕರ ಗಮನಕ್ಕೆ!" ಎಂದು ಅವರು ಶುರು ಮಾಡಿದರೆ ಹೋಟೆಲಿನಲ್ಲಿ ಪೆಸರಟ್ಟು ದೋಸೆ ಮುರಿಯುತ್ತಿದ್ದವನು ಅರ್ಧಕ್ಕೇ ಕೈ ತೊಳೆಯುತ್ತಿದ್ದ. ಕೊನೆಗೆ ಬರುವ "ಹತ್ತುವವರು ಹತ್ತಿ, ಕಳಿಸಲು ಬಂದವರು ಇಳಿಯಿರಿ!" ಎಂಬ ತುಣುಕು ಇಲಾಖೆಯ ಯಾವ ನಿಯಮದಲ್ಲೂ ಇಲ್ಲ. ಅದು ರಾಯರ ಸ್ವಂತ ಕೃತಿ. ಊರಿನ ಮದುವೆಗಳಲ್ಲಿ ಹೆಣ್ಣು ಕಳಿಸಿಕೊಡುವಾಗ ಅಳು ಅತಿಯಾದರೆ, ಯಾರಾದರೊಬ್ಬ ಹಿರಿಯರು ಈ ಮಾತು ಅಂದು ಎಲ್ಲರನ್ನೂ ನಗಿಸುವುದಿತ್ತು.

ಗೂಡಿನಿಂದ ಹೊರಗೆ ಬಂದರೆ ಮಾತ್ರ ರಾಯರು ಆ ದನಿಯನ್ನು ಗಂಟು ಕಟ್ಟಿ ಒಳಗಿಟ್ಟುಬಿಡುತ್ತಿದ್ದರು. ಹಾಲಿನವನ ಹತ್ತಿರವೂ ಪಿಸುಮಾತು, ಹೆಂಡತಿಯ ಹತ್ತಿರವೂ ಪಿಸುಮಾತು. ಪಟ್ಟೆಮಡಿ ಉಟ್ಟುಕೊಂಡು ಯಾರಾದರೂ ಕಟ್ಟಿಗೆ ಒಡೆಯುತ್ತಾರೆಯೇ ಎಂಬುದು ಅವರ ವಾದ. ಹೀಗಾಗಿ ಸಂತೆಯಲ್ಲಿ ಅವರಿಗೆ ಬದನೆಕಾಯಿ ತೂಗುವವಳಿಗೂ, ತಾನು ದಿನಾ ಯಾರ ಮಾತು ಕೇಳಿ ಬಸ್ಸಿಗೆ ಓಡುತ್ತೇನೋ ಆ ಮಹಾಪುರುಷ ಇವರೇ ಎಂದು ಗೊತ್ತಿರಲಿಲ್ಲ.

ಇಂಥ ಭುಜಂಗರಾಯರನ್ನು ಡಿಪೋ ಮ್ಯಾನೇಜರ್ ಯೇಸುರತ್ನಂ ಒಂದು ದಿನ ಒಳಗೆ ಕರೆದು, ಕೂರಿಸಿ, ಕುಡಿಯಲು ಗೋಲಿ ಸೋಡಾ ತರಿಸಿದರು. ಯೇಸುರತ್ನಂ ಸೋಡಾ ತರಿಸಿದರೆಂದರೆ ಕೆಟ್ಟ ಸುದ್ದಿ ಇದೆಯೆಂದೇ ಅರ್ಥ.

"ರಾವ್ ಗಾರು, ಬೇಜಾರು ಮಾಡ್ಕೋಬೇಡಿ. ಮೇಲಿಂದ ಮೆಷಿನ್ ಬಂದಿದೆ. ಇನ್ಮೇಲೆ ಅದೇ ಎಲ್ಲಾ ಹೇಳುತ್ತಂತೆ. ಒಳಗೆ ಯಾರೋ ಹುಡುಗಿ ಮಾತಾಡ್ತಾಳೆ."

"ಹಾಗಾದ್ರೆ ನಾನು?"

"ನಿಮಗೆ ಟೈರ್ ಗೋಡೌನ್ ಅಂತೆ."

ರಾಯರ ಕೈಯಲ್ಲಿದ್ದ ಸೋಡಾ ಬಾಟಲಿಯ ಗೋಲಿ ಟಿಣ್ಣೆಂದಿತು. "ಟೈರುಗಳ ಹತ್ರ ನಾನೇನ್ ಮಾತಾಡ್ಲಿ ಸಾರ್?"

ಯೇಸುರತ್ನಂ ಮರುಗಿದರು. ಮನುಷ್ಯ ಒಳ್ಳೆಯವರೇ. ಗುಂಟೂರಿನಿಂದ ಬರುವ ದೊಡ್ಡ ಸಾಹೇಬರ ಹೆಸರು ಕೇಳಿದರೆ ಬೆವರುತ್ತಾರೆ, ಅಷ್ಟೇ ಕೊರತೆ. ಆ ದೊಡ್ಡ ಸಾಹೇಬ ಕೋದಂಡಪಾಣಿಯವರು ಬರುವ ಭಾನುವಾರ ಖುದ್ದಾಗಿ ಬಂದು ಮೆಷಿನ್ನಿನ ಪರೀಕ್ಷೆ ನಡೆಸುವವರಿದ್ದರು. ಅವರು ಒಪ್ಪಿದರೆ ರಾಯರ ಕಥೆ ಮುಗಿಯಿತು. "ಒಂದ್ ನೆಪ ಕೊಡಿ ರಾವ್ ಗಾರು. ನಮ್ಮ ಭುಜಂಗರಾಯರು ಸಾಮಾನ್ಯ ಕೂಗೋರಲ್ಲ ಅಂತ ಹೇಳೋಕೆ ಏನಾದ್ರೂ ಒಂದು."

ಆಗ ರಾಯರು ಕಣ್ಣರಳಿಸಿದರು. "ಸಾರ್, ನಾನು ಸಿನಿಮಾದಲ್ಲಿ ಮಾತಾಡಿದ್ದೀನಿ! ಈ ಶುಕ್ರವಾರ ನಮ್ಮೂರಿಗೇ ಬರುತ್ತೆ!"

ಸುಳ್ಳಲ್ಲ. ಹೋದ ಬೇಸಿಗೆಯಲ್ಲಿ ಸಿನಿಮಾದವರು ನಿಲ್ದಾಣಕ್ಕೆ ಬಂದು, ಇಡೀ ಮಧ್ಯಾಹ್ನ ಬಸ್ಸುಗಳನ್ನು ಹಿಂದಕ್ಕೆ ಮುಂದಕ್ಕೆ ಓಡಿಸಿ ಚಿತ್ರೀಕರಣ ಮಾಡಿದ್ದರು. ಖಳರು ನಾಯಕಿಯನ್ನು ಅಟ್ಟಿಸಿಕೊಂಡು ಬರುತ್ತಾರೆ. ಗೂಡಿನೊಳಗಿಂದ ರಾಯರು ಗುಂಟೂರಿನ ಬಸ್ಸು ಹೊರಡುವುದನ್ನು ಸಾರುತ್ತಾರೆ. ಅದೇ ಬಸ್ಸಿನಿಂದ ನಾಯಕ ಕೆಳಗೆ ಕಾಲಿಡುತ್ತಾನೆ. ಅಭಿಮಾನಿಗಳು ಪ್ರೀತಿಯಿಂದ 'ತುಫಾನ್ ಬಾಬು' ಎನ್ನುವ ಆ ನಾಯಕನ ಕಾಲಿಗೂ ರಾಯರ ಮಾತಿಗೂ ನಡುವೆ ಉಸಿರಾಡುವಷ್ಟು ಅಂತರವಿರಲಿಲ್ಲ. ಕೆಲಸ ಮುಗಿದ ಮೇಲೆ ಟೋಪಿ ಹಾಕಿದ ಸಹಾಯಕ ನಿರ್ದೇಶಕನೊಬ್ಬ ಬಂದು, "ಸೂಪರ್ ಗುರುಗಾರು! ಆಮೇಲೆ ಹೈದರಾಬಾದಿಗೆ ಕರೀತೀವಿ, ಮಾತಿನ ಕೆಲಸ ಇದೆ" ಎಂದು ಹೇಳಿ ಹೋಗಿದ್ದ. ಮುಂದಿನ ಚಿತ್ರದಲ್ಲಿ ಇನ್ನೂ ಉದ್ದನೆಯ ಮಾತು ಕೊಡುತ್ತಾರೆ ಎಂದು ರಾಯರು ಅರ್ಥ ಮಾಡಿಕೊಂಡರು. ಕರೆ ಬರಲಿಲ್ಲ. ದೊಡ್ಡವರಿಗೆ ಸಾವಿರ ಕೆಲಸವೆಂದು ಕ್ಷಮಿಸಿದ್ದರು.

"ನಿಮ್ಮ ಕಂಠ ರಾಜ್ಯದ ಥಿಯೇಟರುಗಳಲ್ಲೆಲ್ಲಾ ಮೊಳಗುತ್ತೆ ಅಂದ್ಮೇಲೆ ಗೋಡೌನಿಗೆ ಹಾಕೋಕೆ ಸಾಹೇಬರಿಗೂ ಕೈ ನಡುಗುತ್ತೆ," ಎಂದು ಯೇಸುರತ್ನಂ ಮೇಜು ಗುದ್ದಿದರು. "ಭಾನುವಾರ ಪರೀಕ್ಷೆ ಆದ ತಕ್ಷಣ ಬೆಳಗಿನ ಆಟಕ್ಕೆ ಅವರನ್ನ ಕರ್ಕೊಂಡ್ ಬರ್ತೀನಿ. ನಿಮ್ಮ ಮಾತು ಅವರ ಕಿವಿಗೆ ಬೀಳ್ಬೇಕು. ಅಷ್ಟು ನೋಡ್ಕೊಳ್ಳಿ."

ಅಷ್ಟು ನೋಡಿಕೊಳ್ಳುವುದು! ಒಂದು ಮಾತನ್ನು ಇನ್ನೊಬ್ಬರ ಕಿವಿಗೆ ಬೀಳಿಸುವುದು ಎಷ್ಟು ದೊಡ್ಡ ಕೆಲಸವೆಂದು ಬಲ್ಲವರು ಇಬ್ಬರೇ: ಸಂಸಾರಸ್ಥರು ಮತ್ತು ಸಿನಿಮಾ ಮಂದಿರದಲ್ಲಿ ಕೂತವರು.

ಚಿತ್ರ ಆ ಶುಕ್ರವಾರವೇ ನಿಲ್ದಾಣದ ಪಕ್ಕದ ಚಂದ್ರಕಾಂತ ಟಾಕೀಸಿಗೆ ಬಂತು. ಮೊದಲ ದಿನದ ಮೊದಲ ಆಟಕ್ಕೆ ರಾಯರು ಹೆಂಡತಿ ಮಾಣಿಕ್ಯಾಂಬೆಯನ್ನೂ, ಗುಂಟೂರಿನಲ್ಲಿ ಮೆಣಸಿನಕಾಯಿ ಮಂಡಿ ಇಟ್ಟಿದ್ದ ಆಕೆಯ ಅಣ್ಣ ಪಿಚ್ಚಯ್ಯನವರನ್ನೂ ಕರೆದುಕೊಂಡು ಹೋದರು. ಪಿಚ್ಚಯ್ಯನವರು ತಂಗಿಯ ಮದುವೆಯಾದಂದಿನಿಂದ "ನಮ್ಮ ತಂಗಿ ಗಂಡ ಬಸ್ ಸ್ಟ್ಯಾಂಡಿನಲ್ಲಿ ಕೂಗ್ತಾನೆ" ಎಂದು ಬಂಧುಗಳಿಗೆ ಪರಿಚಯಿಸುತ್ತ ಬಂದವರು. ಇವತ್ತು ಆ ಬಾಯಿಗೆ ಬೀಗ ಬೀಳಬೇಕಿತ್ತು.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಪರದೆಯ ಮುಂದೆ ಮೆಣಸಿನಕಾಯಿ ಬಜ್ಜಿಯ ಗಾಡಿಯ ಬುಲ್ಲಬ್ಬಾಯಿ ನಿಂತಿದ್ದ. ತೆನಾಲಿಯ ತುಫಾನ್ ಬಾಬು ಅಭಿಮಾನಿ ಸಂಘದ ಅಧ್ಯಕ್ಷ ಅವನು. ಅವನ ಹಿಂದೆ ಚೂರು ಮಾಡಿದ ಕಾಗದದ ಮೂಟೆ, ಕುಂಬಳಕಾಯಿ, ಕರ್ಪೂರದ ತಟ್ಟೆ ಹಿಡಿದ ಸೈನ್ಯ. ಪರದೆಯ ಮೇಲೆ ನಿಲ್ದಾಣ ಬಂತು. ಗೂಡು ಬಂತು. ಜಾಲರಿಯ ಹಿಂದೆ ರಾಯರ ಮುಖ ಬಂತು.

"ಮಾಣಿಕ್ಯಾ, ನೋಡು, ನೋಡು!" ಎಂದು ರಾಯರು ಪಿಸುಗುಟ್ಟಿದರು.

ಪರದೆಯ ರಾಯರು ಬಾಯಿ ತೆರೆದರು. ಅಷ್ಟರಲ್ಲಿ ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ನಾಯಕ ಬಂದನೆಂದು ಅಭಿಮಾನಿಗಳಿಗೆ ಅಷ್ಟು ಸಾಕಾಯಿತು. ಸಿಳ್ಳೆ, ಚಪ್ಪಾಳೆ, ಕುಂಬಳಕಾಯಿ ಒಡೆದ ಸದ್ದು, "ಜೈ ತುಫಾನ್!" ಎಂಬ ಘೋಷ. ಕಾಗದದ ಚೂರು ರಾಯರ ಬಾಯಿಗೂ ಕಿವಿಗೂ ತುಂಬಿತು. ಕರ್ಪೂರದ ಹೊಗೆ ಸರಿಯುವಷ್ಟರಲ್ಲಿ ಗೂಡು ಹೋಗಿತ್ತು, ನಾಯಕ ಆಗಲೇ ಖಳರನ್ನು ಎತ್ತಿ ಎತ್ತಿ ಕಬ್ಬಿನ ಹಾಲಿನ ಗಾಡಿಯ ಮೇಲೆ ಹಾಕುತ್ತಿದ್ದ.

ಪಿಚ್ಚಯ್ಯನವರು ಅರ್ಧಕ್ಕೇ ಎಲ್ಲರನ್ನೂ ಎಬ್ಬಿಸಿಕೊಂಡು ಹೊರಗೆ ಬಂದು ತಲೆಯಿಂದ ಕಾಗದ ಕೊಡವಿಕೊಂಡರು. "ಏನಪ್ಪಾ ಭುಜಂಗ, ಬಾಯಿ ಅಲ್ಲಾಡಿದ್ದು ಕಾಣಿಸ್ತು. ಏನ್ ತಿಂತಿದ್ದೆ?"

"ಮಾತಾಡಿದೆ ಭಾವ."

"ನಾಟಕದಲ್ಲಿ ರಾಜನ ಹಿಂದೆ ಚಾಮರ ಬೀಸೋನೂ ಮನೆಗೆ ಹೋಗಿ ಹಾಗೇ ಹೇಳ್ತಾನೆ."

ಮಾಣಿಕ್ಯಾಂಬೆ ಅಣ್ಣನ ಕಡೆಗೊಮ್ಮೆ ಗಂಡನ ಕಡೆಗೊಮ್ಮೆ ನೋಡಿ, ಸೆರಗಿನಿಂದ ಗಂಡನ ಕಿವಿಯಲ್ಲಿದ್ದ ಕಾಗದ ತೆಗೆದಳು. "ಮುಖ ಮಾತ್ರ ಚೆನ್ನಾಗಿತ್ತು ಕಣ್ರೀ" ಎಂದಳು. ಅದು ಸಮಾಧಾನವೋ ಅಲ್ಲವೋ ರಾಯರಿಗೆ ತಿಳಿಯಲಿಲ್ಲ.

ಮರುದಿನ ಹೆಂಡತಿಯೊಡನೆ ಮ್ಯಾಟಿನಿಗೆ ಹೋದರು. ಅಭಿಮಾನಿಗಳ ಜ್ವರ ಆ ಹೊತ್ತಿಗೆ ಇಳಿದಿರುತ್ತದೆಂಬುದು ರಾಯರ ಲೆಕ್ಕ. ಇಳಿದಿತ್ತು ನಿಜ. ಆದರೆ ಮ್ಯಾಟಿನಿಗೆ ಬರುವ ಜನವೇ ಬೇರೆ. ಬಸ್ಸು ತಪ್ಪಿಸಿಕೊಂಡವರು, ಮುಂದಿನ ಬಸ್ಸಿಗೆ ಬಹಳ ಹೊತ್ತಿದೆಯೆಂದು ಫ್ಯಾನಿನ ಕೆಳಗೆ ಕೂರಲು ಬಂದವರು. ಗೋಡೆಗೆ ಗೋಡೆ ತಗುಲಿದ ಆ ಟಾಕೀಸಿಗೆ ನಿಲ್ದಾಣದ ಕೂಗು ಕೇಳುತ್ತಿದ್ದುದರಿಂದ, ಊರಿನವರು ಅದನ್ನು ನಿಲ್ದಾಣದ ಇನ್ನೊಂದು ಅಂಕಣವೆಂದೇ ತಿಳಿದಿದ್ದರು. ಸಿನಿಮಾ ನೋಡುತ್ತ ಬಸ್ಸು ಕಾಯುವುದು ತೆನಾಲಿಯ ಹಳೆಯ ಪದ್ಧತಿ. ಇವರಿಗೆ ಚಿತ್ರದ ಕಥೆ ಬೇಕಿಲ್ಲ. ಅವರವರ ಕಥೆಯೇ ಬೇಕಾದಷ್ಟಿತ್ತು.

ರಾಯರ ಎಡಕ್ಕೆ ಅಮೃತಲೂರಿನ ಮುದುಕಿಯೊಬ್ಬಳು ಕೋಳಿಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ಸೊಸೆಯ ಗುಣಗಾನ ಮಾಡುತ್ತಿದ್ದಳು. ಹಿಂದಿನ ಸಾಲಿನಲ್ಲೊಬ್ಬ ಕಿವುಡು ಮಾವನಿಗೆ ಚಿತ್ರವನ್ನು ವಿವರಿಸುತ್ತಿದ್ದ. "ಈಗ ಅವಳು ಓಡ್ತಾಳೆ ಮಾವಾ!" "ಯಾರು ಹಾಡ್ತಾಳೆ?" "ಓಡ್ತಾಳೆ, ಓಡ್ತಾಳೆ!" ಮುಂದೆ ಕೂತವನ ಜೇಬಿನಲ್ಲಿ ಫೋನು ಹಾಡತೊಡಗಿತು. ಅವನು ಪೂರ್ತಿ ಹಾಡು ಕೇಳಿದ ಮೇಲೆ ಎತ್ತಿಕೊಂಡು, "ಹಲೋ! ಆಸ್ಪತ್ರೇಲಿದ್ದೀನಿ! ತುಂಬಾ ಸೀರಿಯಸ್ಸು!" ಎಂದು ಕಿರುಚಿದ.

ಪರದೆಯ ಮೇಲೆ ನಿಲ್ದಾಣ ಬರುವ ಹೊತ್ತು. ರಾಯರು ಕೈ ಮುಗಿದು ಪಿಸುಗುಟ್ಟಿದರು. "ಅಯ್ಯಾ, ದಯವಿಟ್ಟು, ಒಂದ್ ಕ್ಷಣ ಸುಮ್ನಿರಿ."

"ಏನಂದ್ರಿ? ಗಟ್ಟಿಯಾಗ್ ಹೇಳಿ, ಸಿನಿಮಾ ಸದ್ದಲ್ಲಿ ಏನೂ ಕೇಳಿಸ್ತಿಲ್ಲ," ಎಂದ ಫೋನಿನವನು.

"ಶ್ಶ್!"

"ಯಾರಿಗ್ರೀ ಶ್ ಅಂತೀರಿ? ಟಿಕೆಟ್ ತಗೊಂಡೇ ಬಂದಿರೋದು ನಾನೂ!"

"ಈ ದೊಡ್ಡ ಮನುಷ್ಯ ನನ್ ಕೋಳಿಗೂ ಶ್ ಅಂದ," ಎಂದು ಮುದುಕಿ ಸೇರಿಕೊಂಡಳು. "ನನ್ನ ಸೊಸೆ ಅಂದಂಗೇ ಅಂದ."

ಕಿವುಡು ಮಾವ ಎದ್ದು ನಿಂತ. "ಏನಂತೆ? ಜಗಳವೇ? ಯಾರು ಗೆಲ್ತಿದ್ದಾರೆ?"

"ಮಾತಾಡೋರೆಲ್ಲ ಹೊರಗೆ ಹೋಗಿ!" ಎಂದು ಮೂಲೆಯಿಂದ ಯಾರೋ ಕೂಗಿದರು. "ಆ ಶ್ ಅನ್ನೋ ಮುದುಕನ್ನ ಮೊದಲು ಹೊರಗ್ ಹಾಕಿ!" ಎಂದು ಇನ್ಯಾರೋ. ಇಡೀ ಸಾಲು ರಾಯರ ಕಡೆ ತಿರುಗಿತು. ರಾಯರು ಎಲ್ಲರಿಗೂ ಒಂದೊಂದು ಪಿಸುಮಾತಿನ ಸಮಜಾಯಿಷಿ ಕೊಟ್ಟು ಮುಗಿಸಿ ಪರದೆ ನೋಡಿದಾಗ, ನಾಯಕ ನಾಯಕಿ ಹಿಮದ ಬೆಟ್ಟದ ಮೇಲೆ ಕುಣಿಯುತ್ತಿದ್ದರು.

"ರೀ, ನಿಮ್ಮ ಮಾತನ್ನ ನೀವೇ ನುಂಗಿದ್ರಿ," ಎಂದಳು ಮಾಣಿಕ್ಯಾಂಬೆ.

ರಾಯರಿಗೆ ಸಿಟ್ಟು ನೆತ್ತಿಗೇರಿತು. ಈ ಜನಕ್ಕೆ ಮನೆಯಲ್ಲಿ ಮಾತಾಡಲು ಏನು ರೋಗ? ನಾಳೆ ಬೆಳಿಗ್ಗೆ ದೊಡ್ಡ ಸಾಹೇಬರು ಬರುತ್ತಾರೆ. ಹೀಗೇ ಆದರೆ ಟೈರು ಗೋಡೌನೇ ಗತಿ. ಅವರು ಸೀದಾ ಟಾಕೀಸಿನ ಮ್ಯಾನೇಜರ್ ಚಲಮಯ್ಯನ ಕೋಣೆಗೆ ನುಗ್ಗಿದರು.

ಚಲಮಯ್ಯ ಕಾಲು ಚಾಚಿ, ಕಿವಿಯಲ್ಲಿ ಹತ್ತಿಯಿಟ್ಟುಕೊಂಡು ಕೂತಿದ್ದ. ಇವರ ಗೋಳನ್ನೆಲ್ಲ ಕೇಳಿ ಹತ್ತಿ ತೆಗೆದು, "ಈಗ ಮೊದಲಿಂದ ಹೇಳಿ" ಎಂದ. ರಾಯರು ಮೊದಲಿನಿಂದ ಹೇಳಿದರು.

"ನಿಶ್ಶಬ್ದ ಬೇಕೇ?" ಚಲಮಯ್ಯ ನೊಂದವನಂತೆ ನಕ್ಕ. "ಗುರುಗಾರು, ಗದ್ದಲ ಮಾಡೋಕೇ ಜನ ಇಲ್ಲಿಗ್ ಬರೋದು. ಸುಮ್ನೆ ಕೂತ್ಕೊಳ್ಳೋಕೆ ದುಡ್ಡು ಕೊಡೋ ಹುಚ್ಚ ತೆನಾಲೀಲಿ ಹುಟ್ಟಿಲ್ಲ. ಬೇಕಾದ್ರೆ ಬುಲ್ಲಬ್ಬಾಯಿನ ಕೇಳಿ. ಅವನು ಸುಮ್ನಿರು ಅಂದ್ರೆ ಗೋಡೆ ಮೇಲಿನ ಹಲ್ಲೀನೂ ಸುಮ್ನಿರುತ್ತೆ."

ಬಜ್ಜಿಯ ಗಾಡಿಯ ಮುಂದೆ ನಿಂತು ಭುಜಂಗರಾಯರು ತಮ್ಮ ಬಾಳಿನ ಸಂಕಟ ತೋಡಿಕೊಂಡರು. ಬುಲ್ಲಬ್ಬಾಯಿ ಬಜ್ಜಿ ತಿರುವಿಹಾಕುತ್ತ ಕೇಳಿದ.

"ಅಂದ್ರೆ, ನಮ್ಮಣ್ಣ ಕಾಲಿಡೋವಾಗ ನಾವು ಸಿಳ್ಳೆ ಹೊಡೀಬಾರ್ದು?"

"ನನ್ನ ಮಾತು ಮುಗಿಯೋವರೆಗೆ ಮಾತ್ರ ಕಣಪ್ಪಾ. ಆಮೇಲೆ ನೀನು ಥಿಯೇಟರ್ ಛಾವಣಿ ಹಾರಿಸು."

"ನಮ್ಮಣ್ಣನ ಮೇಲೆ ಅಭಿಮಾನ ಇದ್ಯಾ ನಿಮಗೆ?"

ಅಭಿಮಾನವನ್ನು ಸಾಬೀತುಪಡಿಸಬೇಕಾಯಿತು. ಐವತ್ತು ದಾಟಿದ ಭುಜಂಗರಾಯರು ಏಣಿ ಹತ್ತಿ, ಟಾಕೀಸಿನ ಮುಂದಿನ ಎತ್ತರದ ಕಟೌಟಿಗೆ ಚೆಂಡುಹೂವಿನ ಹಾರ ಹಾಕಿ, "ಜೈ ತುಫಾನ್" ಎಂದು ಪಿಸುಗುಟ್ಟಿದರು. ಕೆಳಗಿನಿಂದ "ಕೇಳಿಸ್ಲಿಲ್ಲ!" ಎಂದು ಕೂಗಿದರು. ರಾಯರು ಮತ್ತೆ ಪಿಸುಗುಟ್ಟಿದರು. ಬೀದಿಯ ಆಚೆ ಯೇಸುರತ್ನಂ ನಿಂತು ಇದನ್ನೆಲ್ಲ ನೋಡಿ, ಟೈರಿನ ಸುದ್ದಿಯಿಂದ ರಾಯರಿಗೆ ತಲೆ ಕೆಟ್ಟಿತೆಂದು ನಿಟ್ಟುಸಿರಿಟ್ಟರು.

ಬುಲ್ಲಬ್ಬಾಯಿ ಮಾತ್ರ ಕರಗಿಹೋದ. "ಅಷ್ಟೇ ತಾನೇ ಗುರುಗಾರು? ನಾಳೆ ಬೆಳಗಿನ ಆಟದಲ್ಲಿ ಒಂದು ಸೊಳ್ಳೆ ಹಾರಿದ್ರೆ ನನ್ನ ಹೆಸರು ಬದಲಾಯಿಸಿ" ಎಂದು ಮಾತು ಕೊಟ್ಟ.

ಭಾನುವಾರ ಬೆಳಿಗ್ಗೆ ನಿಲ್ದಾಣದಲ್ಲಿ ಮೆಷಿನ್ನಿಗೆ ಹೂವಿನ ಹಾರ ಹಾಕಿ ಗುಂಡಿ ಒತ್ತಿದರು. ಒಳಗಿನ ಹುಡುಗಿ ಬಹಳ ನಯವಾಗಿ ಮಾತಾಡಿದಳು. ಕೋದಂಡಪಾಣಿ ಸಾಹೇಬರು ತಲೆದೂಗಿದರು. "ಚೆನ್ನಾಗಿದೆ. ನಾನು ಕಾಲೇಜಿಗೆ ದಿನಾ ತೆನಾಲಿಯಿಂದ ಗುಂಟೂರಿಗೆ ಬಸ್ಸಲ್ಲೇ ಹೋಗ್ತಿದ್ದೆ ಕಣ್ರೀ ಯೇಸುರತ್ನಂ. ಆಗ ಇಲ್ಲಿ ಏನು ಗಲಾಟೆ, ಏನು ಕೂಗಾಟ! ಈಗ ನೋಡಿ, ಎಷ್ಟು ಶಾಂತ." ಯೇಸುರತ್ನಂ ಬೆವರು ಒರೆಸಿಕೊಂಡು, ಹೇಗೋ ಪುಸಲಾಯಿಸಿ ಅವರನ್ನು ಟಾಕೀಸಿನ ಬಾಲ್ಕನಿಗೆ ಕರೆತಂದರು. ರಜೆ ಹಾಕಿದ್ದ ರಾಯರು, ಮಾಣಿಕ್ಯಾಂಬೆ, "ಇದೇ ಕೊನೆ, ನಂಗೆ ಮಂಡೀಲಿ ಕೆಲಸ ಇದೆ" ಎಂದು ಗೊಣಗುತ್ತಿದ್ದ ಪಿಚ್ಚಯ್ಯ, ಮೂವರೂ ಸಾಹೇಬರ ಹಿಂದಿನ ಸಾಲಿನಲ್ಲಿ ಕೂತರು.

ಬುಲ್ಲಬ್ಬಾಯಿ ಮಾತಿಗೆ ತಪ್ಪುವವನಲ್ಲ. ಅವನ ಸೈನ್ಯ ಹಾದಿಹಾದಿಯಲ್ಲೂ ತುಟಿಗೆ ಬೆರಳಿಟ್ಟು ನಿಂತಿತ್ತು. ಸಮೋಸ ಮಾರುವವನ ಬುಟ್ಟಿ ಬಾಗಿಲಲ್ಲೇ ಜಪ್ತಿಯಾಯಿತು. ಒಬ್ಬ ಕೆಮ್ಮಲು ಬಾಯಿ ತೆರೆದ ತಕ್ಷಣ ಹೆಗಲ ವಸ್ತ್ರ ಅವನ ಬಾಯಿಗೆ ಬಂತು. ಕೂಸೊಂದು ಅತ್ತಾಗ ಬುಲ್ಲಬ್ಬಾಯಿಯೇ ಅದನ್ನು ಎತ್ತಿಕೊಂಡು ವರಾಂಡದಲ್ಲಿ ತೂಗಿ ಮಲಗಿಸಿ ಬಂದ. ಕಿವುಡು ಮಾವ, ಅವನ ಅಳಿಯ, ಅಮೃತಲೂರಿನ ಮುದುಕಿ ಮತ್ತೆ ಬಂದಿದ್ದರು. ಮುದುಕಿಯ ಬುಟ್ಟಿಯ ಮೇಲೆ ಕಂಬಳಿ ಹೊದಿಸಿ, ರಾತ್ರಿಯಾಯಿತೆಂದು ಕೋಳಿಗಳನ್ನು ನಂಬಿಸಿದ್ದರು.

ನಿಲ್ದಾಣ ಬಂತು. ಇಡೀ ಟಾಕೀಸು ಉಸಿರು ಬಿಗಿಹಿಡಿಯಿತು. ಫ್ಯಾನು ತಿರುಗುವ ಕಿರುಗುಟ್ಟು ಮಾತ್ರ. ಪರದೆಯ ಮೇಲೆ ರಾಯರ ಮುಖ ಎರಡಾಳೆತ್ತರಕ್ಕೆ ಬಂತು. ಬಾಯಿ ತೆರೆಯಿತು.

"ಪ್ರಯಾಣಿಕರ ಗಮನಕ್ಕೆ. ಗುಂಟೂರಿಗೆ ಹೋಗುವ ಬಸ್ಸು ಹೊರಡಲು ಸಿದ್ಧವಾಗಿದೆ."

ನೆಗಡಿಯಾದ ಮನುಷ್ಯ ಮೂಗು ಹಿಡಿದುಕೊಂಡು ಮಾತಾಡಿದ ಹಾಗಿತ್ತು. ತೆಳ್ಳಗೆ, ಪೀಚಾಗಿ, ಅಷ್ಟೂ ಅಕ್ಷರ ಸ್ಪಷ್ಟವಾಗಿ ಕೇಳಿತು. ಹತ್ತುವವರು ಹತ್ತಿ ಎಂಬ ಬಾಲವೂ ಇರಲಿಲ್ಲ.

ಭುಜಂಗರಾಯರು ತಮ್ಮ ಗಂಟಲು ಮುಟ್ಟಿ ನೋಡಿಕೊಂಡರು. ಹೈದರಾಬಾದಿನ 'ಮಾತಿನ ಕೆಲಸ' ಯಾವುದೆಂದು ಆಗ ಹೊಳೆಯಿತು. ಡಬ್ಬಿಂಗಿಗೆ ಕರೆಯಲು ಮರೆತಿದ್ದರು. ಯಾವನೋ ಪುಣ್ಯಾತ್ಮ ಅಲ್ಲೇ ಕೂತು ರಾಯರ ಬಾಯಿಗೆ ತನ್ನ ದನಿ ತುರುಕಿದ್ದ.

ಈಗ ಒಂದು ಸಿಳ್ಳೆ ಬೇಕಿತ್ತು. ಒಂದು ಕೆಮ್ಮು, ಒಂದು ಫೋನು, ಕೊನೆಗೆ ಒಂದು ಕೋಳಿಯಾದರೂ ಕೂಗಬಾರದಿತ್ತೇ? ಎರಡು ದಿನ ಕೈಮುಗಿದು ಬೇಡಿದರೂ ಬಾರದ ನಿಶ್ಶಬ್ದ, ಈಗ ಬೇಡವೆಂದರೂ ಬಂದು ಗಟ್ಟಿಯಾಗಿ ಕೂತಿತ್ತು. ಪರದೆಯ ಮೇಲೆ ತುಫಾನ್ ಬಾಬು ಬಸ್ಸಿನಿಂದಿಳಿದು ಕೂದಲು ಹಾರಿಸಿದ. ಆ ಮೌನದಲ್ಲಿ ಅವನೂ ತಬ್ಬಲಿಯಂತೆ ಕಂಡ.

ಕೋದಂಡಪಾಣಿ ಯೇಸುರತ್ನಂ ಕಡೆ ವಾಲಿದರು. "ಇದೇನಾ ನೀವ್ ಹೇಳಿದ ಕಂಚಿನ ಕಂಠ? ಇದಕ್ಕಿಂತ ನಮ್ಮ ಮೆಷಿನ್ನೇ ವಾಸಿ. ಸೋಮವಾರದಿಂದ ಗೋಡೌನ್ ಕೊಡಿ."

ಪಿಚ್ಚಯ್ಯನವರಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಭುಜಂಗ, ಇಷ್ಟು ಚೆಂದದ ದನಿ ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ?" ಎಂದು ತೊಡೆ ತಟ್ಟಿಕೊಂಡು ನಕ್ಕರು. ಮಾಣಿಕ್ಯಾಂಬೆ ಅಣ್ಣನನ್ನು ಸುಡುವಂತೆ ನೋಡಿದಳು. ರಾಯರ ಕಣ್ಣು ತುಂಬಿತು.

ಕೆಳಗೆ ಅಭಿಮಾನಿಗಳ ಸ್ಥಿತಿಯೂ ಚೆನ್ನಾಗಿರಲಿಲ್ಲ. ಕೊಟ್ಟ ಮಾತಿಗಾಗಿ ಸಿಳ್ಳೆಯನ್ನು ಹೊಟ್ಟೆಯೊಳಗೇ ತಡೆದು ತಡೆದು ಕುತ್ತಿಗೆಯ ನರಗಳು ಉಬ್ಬಿಹೋಗಿದ್ದವು. ರಾಯರ ಮಾತು ಮುಗಿಯಿತೆಂದು ಖಾತ್ರಿಯಾಗುವಷ್ಟರಲ್ಲಿ ಅಣ್ಣ ಕಾಲಿಟ್ಟೇ ಆಗಿತ್ತು. ಅಣ್ಣ ಸಿಳ್ಳೆಯಿಲ್ಲದೆ ಭೂಮಿಗಿಳಿದ! ಇಂಥ ಅವಮಾನವನ್ನು ಸಹಿಸುವುದುಂಟೇ? ಬುಲ್ಲಬ್ಬಾಯಿ ಕುರ್ಚಿ ಹತ್ತಿ ಗರ್ಜಿಸಿದ.

"ಒನ್ಸ್ ಮೋರ್!"

"ಒನ್ಸ್ ಮೋರ್! ಒನ್ಸ್ ಮೋರ್!" ಎಂದಿತು ಸೈನ್ಯ. ಕುರ್ಚಿಗಳು ಧಡಧಡ ಸದ್ದು ಮಾಡಿದವು. ಈ ಕೂಗು ಬಂದಾಗ ತಿರುಗಿ ತೋರಿಸದಿದ್ದರೆ ಸಂಜೆಗೆ ಕುರ್ಚಿಗಳ ಬದಲು ಚಾಪೆ ಹಾಸಬೇಕಾಗುತ್ತದೆಂದು ಚಲಮಯ್ಯ ಅನುಭವದಿಂದ ಬಲ್ಲ. ಅವನು ಮೇಲಕ್ಕೆ ಕೈ ಬೀಸಿದ. ಆಪರೇಟರ್ ಚಿತ್ರವನ್ನು ಹಿಂದಕ್ಕೆ ತಿರುಗಿಸಿದ.

ಮತ್ತೆ ನಿಲ್ದಾಣ. ಮತ್ತೆ ಗೂಡು. ಈ ಸಲ ಸಿಳ್ಳೆ ತಪ್ಪಬಾರದೆಂದು ಬುಲ್ಲಬ್ಬಾಯಿ ಮತ್ತವನ ಬಳಗ ಬೆರಳು ಬಾಯಿಗಿಟ್ಟು ಎದೆ ತುಂಬ ಉಸಿರೆಳೆದುಕೊಂಡರು. ಆ ಎಳೆದ ಉಸಿರು ಇನ್ನೂ ಒಳಗಿರುವಾಗ ಪರದೆಯ ಮೇಲಿನ ಭುಜಂಗರಾಯರು ಬಾಯಿ ತೆರೆದರು. ಬಾಲ್ಕನಿಯ ಭುಜಂಗರಾಯರು ಎದ್ದು ನಿಂತರು. ಆ ಪೀಚು ದನಿ ತಮ್ಮ ಬಾಯಿಂದ ಇನ್ನೊಮ್ಮೆ ಹೊರಡುವುದನ್ನು ನೋಡುವುದಕ್ಕಿಂತ ಸಾಯುವುದು ಮೇಲು ಎನಿಸಿತ್ತು. ಜೀವಮಾನದಲ್ಲಿ ಮೊದಲ ಸಲ, ಗೂಡಿನ ಹೊರಗೆ, ಮೈಕಿಲ್ಲದೆ, ಗಂಟು ಬಿಚ್ಚಿದರು.

"ಪ್ರಯಾಣಿಕರ ಗಮನಕ್ಕೆ! ಗುಂಟೂರಿಗೆ ಹೋಗುವ ಬಸ್ಸು ಎರಡನೇ ಅಂಕಣದಿಂದ ಹೊರಡಲು ಸಿದ್ಧವಾಗಿದೆ! ಹತ್ತುವವರು ಹತ್ತಿ, ಕಳಿಸಲು ಬಂದವರು ಇಳಿಯಿರಿ!"

ಬಾಲ್ಕನಿಯ ಹಲಗೆ ನಡುಗಿತು. ನೆಗಡಿಯ ಮನುಷ್ಯ ಎಲ್ಲಿ ಮುಳುಗಿಹೋದನೋ ಗೊತ್ತಾಗಲಿಲ್ಲ. ಬುಲ್ಲಬ್ಬಾಯಿಯ ಬೆರಳು ಬಾಯಿಯಲ್ಲೇ ಉಳಿಯಿತು, ಸಿಳ್ಳೆ ಹೊರಡಲಿಲ್ಲ.

ಆಮೇಲೆ ಕೆಳಗಿನ ಸಾಲಿನಲ್ಲಿ ಅಮೃತಲೂರಿನ ಮುದುಕಿ ಕೋಳಿಬುಟ್ಟಿ ತಲೆಗೇರಿಸಿ ಎದ್ದಳು. ಅವಳು ಹೋಗಬೇಕಾದದ್ದು ಅಮೃತಲೂರಿಗೆ. ಆದರೂ ಎದ್ದಳು. ಅವಳ ಹಿಂದೆ ಚೀಲ ಹಿಡಿದ ಒಬ್ಬ, ಟ್ರಂಕು ಹೊತ್ತ ಇನ್ನೊಬ್ಬ. "ಬಸ್ಸು! ಬಸ್ಸು ಬಂತು!" ಎಂದು ಯಾರೋ ಕೂಗಿದರು. "ಮಾವಾ, ಏಳಿ!" ಕಿವುಡು ಮಾವ ಅಳಿಯನಿಗಿಂತ ಮುಂಚೆಯೇ ಎದ್ದಿದ್ದ, ಅವನಿಗೂ ಕೇಳಿಸಿತ್ತು. ಕುರ್ಚಿಗಳು ಮಡಚಿಕೊಂಡವು, ಬಾಗಿಲುಗಳು ಹಾರಿ ತೆರೆದುಕೊಂಡವು, ಜನ ಹೊಳೆಯ ಹಾಗೆ ಹೊರಗೆ ಹರಿಯಿತು. ಸಿನಿಮಾ ನೋಡಲೆಂದೇ ಬಂದಿದ್ದ ಊರಿನವರೂ ಓಡಿದರು. ತಮಗೆ ಗುಂಟೂರಿನಲ್ಲಿ ಏನು ಕೆಲಸವೆಂದು ಯೋಚಿಸುವಷ್ಟು ಬಿಡುವು ಆ ದನಿ ಯಾರಿಗೂ ಕೊಡಲಿಲ್ಲ.

ಮಾಣಿಕ್ಯಾಂಬೆ ಪಕ್ಕಕ್ಕೆ ತಿರುಗಿದಳು. ಅಣ್ಣ ಕೂತಿದ್ದ ಕುರ್ಚಿ ಖಾಲಿ. ಕೆಳಗೆ ಅವರ ಒಂದು ಚಪ್ಪಲಿ ಮಾತ್ರ ಇತ್ತು.

ನಿಲ್ದಾಣದ ಎರಡನೇ ಅಂಕಣದಲ್ಲಿ ಬಸ್ಸಿರಲಿಲ್ಲ. ಜನ ಮಾತ್ರ ಕಿಕ್ಕಿರಿದು ತುಂಬಿತ್ತು. ಹಾರ ಹಾಕಿಸಿಕೊಂಡ ಮೆಷಿನ್ನು ಮೇಲಿಂದ ನಯವಾಗಿ ಹೇಳುತ್ತಿತ್ತು. "ಗುಂಟೂರಿಗೆ ಸದ್ಯ ಯಾವುದೇ ಬಸ್ಸು ಇರುವುದಿಲ್ಲ. ದಯವಿಟ್ಟು ಸಹಕರಿಸಿ."

"ನೀನ್ ಸುಮ್ನಿರೇ ಹುಡುಗೀ," ಎಂದು ಅಮೃತಲೂರಿನ ಮುದುಕಿ ಸ್ಪೀಕರಿಗೆ ಗದರಿದಳು. "ದೊಡ್ಡೋರು ಇದೆ ಅಂದಿದ್ದಾರೆ."

"ಎಲ್ರೀ ಬಸ್ಸು? ಎಲ್ಲಿ ಬಚ್ಚಿಟ್ಟಿದ್ದೀರಿ?" ಎಂದು ಜನ ಓಡಿಬಂದ ಯೇಸುರತ್ನಂ ಅವರನ್ನು ಸುತ್ತುಗಟ್ಟಿತು. "ಆ ದನಿ ಒಂದ್ಸಲ ಇದೆ ಅಂದ್ಮೇಲೆ ಇರ್ಲೇಬೇಕು. ಇವತ್ತಿನವರೆಗೆ ಸುಳ್ಳು ಹೇಳಿದ್ದುಂಟಾ?" ಒಂದೇ ಚಪ್ಪಲಿಯಲ್ಲಿ ನಿಂತು ಪಿಚ್ಚಯ್ಯನವರೂ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದರು. "ಸ್ವಂತ ನನ್ನ ತಂಗಿ ಗಂಡ ಹೇಳಿದ್ದು ಕಣ್ರೀ! ಅವನ ಮಾತಿಗೆ ಬೆಲೆ ಇಲ್ವಾ?"

ಯೇಸುರತ್ನಂ ಬಿದ್ದು ಎದ್ದು ಡಿಪೋಗೆ ಓಡಿ, ಊಟಕ್ಕೆ ಕೂತಿದ್ದ ಡ್ರೈವರನ್ನು ಗೋಂಗೂರ ಸೊಪ್ಪಿನ ಅನ್ನದ ಮುಂದಿನಿಂದ ಎಬ್ಬಿಸಿ, ಇದ್ದ ಬಸ್ಸನ್ನು ಎರಡನೇ ಅಂಕಣಕ್ಕೆ ತಂದು ನಿಲ್ಲಿಸಿದರು. ಜನ ಕಿಟಕಿಯಿಂದಲೂ ನುಗ್ಗಿದರು. ಆಗ ಅವರಿಗೆ ದೊಡ್ಡ ಸಾಹೇಬರ ನೆನಪಾಯಿತು. ಟಾಕೀಸಿಗೆ ಓಡಿದರು, ಬಾಲ್ಕನಿ ಖಾಲಿ. ಸಾಹೇಬರ ಕಾರು ಬೇವಿನ ಮರದ ಕೆಳಗೇ ಇತ್ತು, ಚಾಲಕ ಒಳಗೆ ಗೊರಕೆ ಹೊಡೆಯುತ್ತಿದ್ದ. ಹುಡುಕಿ ಹುಡುಕಿ ಸುಸ್ತಾಗಿ, ಹೊರಟು ನಿಂತ ಬಸ್ಸಿನ ಪಕ್ಕ ಬಂದು ತಲೆಯೆತ್ತಿದರು.

ಕಿಟಕಿಯ ಪಕ್ಕದ ಸೀಟಿನಲ್ಲಿ, ಮಡಿಲಲ್ಲಿ ಮುದುಕಿಯ ಕೋಳಿಬುಟ್ಟಿ ಹಿಡಿದುಕೊಂಡು ಕೋದಂಡಪಾಣಿ ಸಾಹೇಬರು ಕೂತಿದ್ದರು.

"ಸಾರ್! ನೀವು! ನಿಮ್ಮ ಕಾರ್ ಇದೆಯಲ್ಲ ಸಾರ್?"

ಸಾಹೇಬರು ಯೇಸುರತ್ನಂ ಅವರನ್ನೂ, ಕೋಳಿಬುಟ್ಟಿಯನ್ನೂ, ತಮ್ಮ ಕಾಲನ್ನೂ ಒಂದೊಂದಾಗಿ ನೋಡಿದರು. "ಹತ್ತಿ ಅಂದ್ರಲ್ರೀ... ಹತ್ಬಿಟ್ಟೆ," ಎಂದರು ಮೆಲ್ಲಗೆ. ಸಾಹೇಬರ ಗತ್ತನ್ನು ಮತ್ತೆ ಮುಖಕ್ಕೆ ತಂದುಕೊಂಡು, "ಯಾರವರು?" ಎಂದು ಕೇಳಿದರು.

"ಟೈರ್ ಗೋಡೌನಿಗೆ ಹಾಕಿ ಅಂದ್ರಲ್ಲ ಸಾರ್, ಅವರೇ."

ಬಸ್ಸು ಹೊರಟಿತು. ಸಾಹೇಬರು ಇಳಿಯಲಿಲ್ಲ. ಕಿಟಕಿಯಿಂದ ಕೈ ಹೊರಗೆ ಹಾಕಿ, ಮೆಷಿನ್ನಿನ ಕಡೆ ಬೆರಳು ತೋರಿಸಿ, "ಅದನ್ನ ಆಫ್ ಮಾಡ್ರೀ, ಕಿವಿ ಕೊರೀತಿದೆ!" ಎಂದು ಕೂಗಿದ್ದು ಮಾತ್ರ ಎಲ್ಲರಿಗೂ ಕೇಳಿತು.

ಇತ್ತ ಖಾಲಿ ಟಾಕೀಸಿನಲ್ಲಿ ಚಲಮಯ್ಯ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ. "ಕುಡಿದು ಬಂದೋರನ್ನ ನೋಡ್ದೆ, ಕುರ್ಚಿ ಮುರಿಯೋರನ್ನ ನೋಡ್ದೆ. ಒಂದೇ ಮಾತಲ್ಲಿ ಥಿಯೇಟರ್ ಖಾಲಿ ಮಾಡೋ ಗಲಾಟೆಕೋರನ್ನ ನೋಡಿದ್ದು ಇದೇ ಮೊದಲು!" ಎಂದು ಭುಜಂಗರಾಯರ ಮುಂದೆ ಕೈ ಜೋಡಿಸಿದ. ರಾಯರು ಇನ್ನೂ ನಿಂತೇ ಇದ್ದರು. ಮಾಣಿಕ್ಯಾಂಬೆ ಅವರ ತೋಳು ಹಿಡಿದು ಕೂರಿಸಿದಳು.

"ಪರದೆ ಮೇಲಿದ್ದೋನು ಯಾರೋ ನಂಗ್ ಗೊತ್ತಿಲ್ಲ," ಎಂದಳು. "ಇಲ್ಲಿ ಎದ್ದು ನಿಂತೋರು ನಮ್ಮನೆಯವರು."

ಮೆಷಿನ್ನು ಮತ್ತೆ ಪೆಟ್ಟಿಗೆಯೊಳಗೆ ಹೋಯಿತು. ಪೆಟ್ಟಿಗೆ ಗೂಡಿನಲ್ಲೇ ಇದೆ. ರಾಯರು ಅದರ ಮೇಲೆ ಮಜ್ಜಿಗೆಯ ಚೊಂಬು ಇಟ್ಟುಕೊಳ್ಳುತ್ತಾರೆ.

ಚಿತ್ರ ಎತ್ತಿಬಿಡುವ ಮುನ್ನ ಗಂಡ ಹೆಂಡತಿ ಇನ್ನೊಮ್ಮೆ ಮ್ಯಾಟಿನಿಗೆ ಹೋದರು. ಇಷ್ಟು ಸಲ ಬಂದರೂ ಮಾಣಿಕ್ಯಾಂಬೆ ಕಥೆಯ ಕೊನೆ ನೋಡಿರಲಿಲ್ಲ. ನಾಯಕ ಇನ್ನೇನು ಖಳನ ಕೊರಳಿಗೆ ಕೈ ಹಾಕಬೇಕು, ಮುಂದಿನ ಸಾಲಿನವನ ಫೋನು ಹಾಡಿತು. ಅವನು ಎತ್ತಿಕೊಂಡು ಕಾಲು ಚಾಚಿ, "ಹಲೋ! ಇಲ್ಲ ಇಲ್ಲ, ಬಿಡುವಾಗೇ ಇದ್ದೀನಿ, ಹೇಳಿ!" ಎಂದು ಶುರು ಮಾಡಿದ. ಪಕ್ಕದವನು ಅದಕ್ಕೆ ತಾಳ ಹಾಕಿದಂತೆ ಕಡಲೆಕಾಯಿ ಒಡೆಯತೊಡಗಿದ. ಹಿಂದೆ ಯಾರದೋ ಕೂಸು ರಾಗ ಎಳೆಯಿತು.

ಭುಜಂಗರಾಯರು ತಡೆದರು, ತಡೆದರು, ಕೊನೆಗೆ ತಡೆಯಲಾರದೆ ಎದೆ ತುಂಬ ಉಸಿರೆಳೆದುಕೊಂಡು ಬಾಯಿ ತೆರೆದರು.

ಮಾಣಿಕ್ಯಾಂಬೆ ಥಟ್ಟನೆ ಅಂಗೈಯಿಂದ ಅವರ ಬಾಯಿ ಮುಚ್ಚಿದಳು. "ಬೇಡ ಕಣ್ರೀ. ಅವರು ಮಾತಾಡ್ಕೊಳ್ಳಲಿ ಬಿಡಿ. ನೀವ್ ಬಾಯಿ ಬಿಟ್ರೆ ನಾನೇ ಎದ್ದು ಓಡ್ಬಿಡ್ತೀನಿ, ನಂಗೆ ಕೊನೇ ಫೈಟ್ ನೋಡ್ಬೇಕು."